ಕಥೆ ಹೇಳಿ ದಾರಿ ತಪ್ಪಿಸುವ ಸುಳಿವು

‘ಪೊಯೆಟಿಕಲ್ ಸೀನ್ ವಿತ್ ಸರ್ಪ್ರೈಸಿಂಗ್ಲಿ ಚೇಸ್ಟ್ ಲಾರ್ಡ್ ಆರ್ಚರ್ ವೆಜಿಟೇಟಿಂಗ್.’

ಇದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಪದಬಂಧದಲ್ಲಿ ಬಂದ ಸುಳಿವು. ಕಟ್ಟಿದವರು ಜಾನ್ ಗ್ರಹಾಂ ಎಂಬ ಪಾದ್ರಿ. ಪದಬಂಧಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು ಅರಾಕೇರಿಯಾ. ಓದಿದ ಕೂಡಲೇ ಒಂದು ಚಿತ್ರ ಮೂಡುತ್ತದೆ. ಕವಿತೆಯಂಥ ಜಾಗ, ಅಲ್ಲಿ ಕಾದಂಬರಿಕಾರ ಲಾರ್ಡ್ ಆರ್ಚರ್ ಅಚ್ಚರಿಯಾಗುವಷ್ಟು ಸಭ್ಯರಾಗಿ ಸುಮ್ನೆ ಕಾಲ ಕಳೆಯುತ್ತಿದ್ದಾರೆ.

ಆ ಚಿತ್ರವೇ ಬಲೆ. ಉತ್ತರದ ಅರ್ಥ ಹೇಳುವುದು ಮೊದಲ ಎರಡು ಪದ, ‘ಪೊಯೆಟಿಕಲ್ ಸೀನ್’ ಮಾತ್ರ; ಉಳಿದದ್ದು ಅಕ್ಷರಗಳ ಆಟ. ‘ಸರ್ಪ್ರೈಸಿಂಗ್ಲಿ’ ಅನ್ನುವುದು ಇಲ್ಲಿ ‘ಅಕ್ಷರಗಳನ್ನು ಅದಲು ಬದಲು ಮಾಡು’ ಎಂಬ ಸೂಚನೆ. ಅದರ ಮುಂದಿನ ನಾಲ್ಕು ಪದಗಳಲ್ಲಿ 26 ಇಂಗ್ಲಿಷ್ ಅಕ್ಷರಗಳಿವೆ. ಬೇರೆ ರೀತಿ ಜೋಡಿಸಿದರೆ ‘ದಿ ಓಲ್ಡ್ ವಿಕರೇಜ್, ಗ್ರಾಂಚೆಸ್ಟರ್’. ಇಂಗ್ಲಿಷ್ ಕವಿ ರೂಪರ್ಟ್ ಬ್ರೂಕ್ 1912ರಲ್ಲಿ ಬರ್ಲಿನ್‌ನಲ್ಲಿ ಕೂತು, ತಾನಿದ್ದ ಮನೆಯನ್ನು ನೆನೆದು ಬರೆದ ಕವಿತೆ ಅದು. ಮುಂದೆ ಆ ಮನೆಯನ್ನು ಕೊಂಡವರು ಇದೇ ಜೆಫ್ರಿ ಆರ್ಚರ್! ಎಷ್ಟು ಸಲ ನೋಡಿದರೂ ನನಗೆ ಈ ಸುಳಿವಿನ ಮೇಲಿನ ಬೆರಗು ಕಡಿಮೆಯಾಗಿಲ್ಲ.

ಇಷ್ಟಕ್ಕೂ ನಾವು ಬಲೆಗೆ ಬೀಳುವುದು ಯಾಕೆ? ಓದು ಬಲ್ಲವರಿಗೆ ಓದದೆ ಇರುವುದು ಕಷ್ಟ. ನೀಲಿ ಶಾಯಿಯಲ್ಲಿ ‘ಕೆಂಪು’ ಎಂದು ಬರೆದು, ಶಾಯಿಯ ಬಣ್ಣ ಹೇಳಿ ಅಂದರೆ ನಾಲಿಗೆ ತಡವರಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಈ ತಡವನ್ನು ಅಳೆದು ತೋರಿಸಿದರು. ಅರ್ಥ ತಾನಾಗಿ ನುಗ್ಗಿ ಬರುತ್ತದೆ. ಸಾಹಿತ್ಯದ ಸುಳಿವಿನಲ್ಲಿ ಈ ಸೆಳೆತ ಇನ್ನೂ ಜಾಸ್ತಿ, ಯಾಕೆಂದರೆ ಕವಿ, ಕಥೆ ಎಂದರೆ ಓದುಗರ ಮನಸ್ಸು ಅಲ್ಲೇ ನಿಂತುಬಿಡುತ್ತದೆ, ಅಲ್ವಾ?

ಬಿಡಿಸಿಕೊಳ್ಳುವ ಗಳಿಗೆ ಹೇಗಿರುತ್ತದೆ? ಅಮೆರಿಕದ ಮಿದುಳು ಸಂಶೋಧಕರಾದ ಮಾರ್ಕ್ ಜಂಗ್-ಬೀಮನ್, ಜಾನ್ ಕೂನಿಯಸ್ ಮತ್ತು ಸಂಗಡಿಗರು 2004ರಲ್ಲಿ ಇಂಥದ್ದೇ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಮೂರು ಪದ ಕೊಟ್ಟು, ಮೂರಕ್ಕೂ ಹೊಂದುವ ನಾಲ್ಕನೆಯದನ್ನು ಕೇಳಿದ್ದರು. ಉತ್ತರ ಥಟ್ಟನೆ ಹೊಳೆದವರಲ್ಲಿ, ‘ಸಿಕ್ಕಿತು’ ಎಂದು ಗುಂಡಿ ಒತ್ತುವುದಕ್ಕೆ ಸುಮಾರು 0.3 ಸೆಕೆಂಡ್ ಮುಂಚೆ, ಮಿದುಳಿನ ಬಲಬದಿಯಲ್ಲಿ ಕಿವಿಯ ಹತ್ತಿರ ಗಾಮಾ ಎಂಬ ವೇಗದ ವಿದ್ಯುತ್ ಅಲೆಗಳು ಚಿಮ್ಮಿದವು. ಅದಕ್ಕೂ ಸ್ವಲ್ಪ ಮುಂಚೆ ನೋಟದ ಭಾಗದಲ್ಲಿ ಆಲ್ಫಾ ಎಂಬ ನಿಧಾನದ ಅಲೆಗಳು ಏರಿದ್ದವು. ಎದುರಿಗಿರುವ ಪದಗಳಿಂದ ಮಿದುಳು ಒಂದು ಕ್ಷಣ ಮುಖ ತಿರುಗಿಸಿದಂತೆ ಎಂದು ಅವರು ಇದನ್ನು ವಿವರಿಸಿದರು. ಸುಳಿವನ್ನೇ ದಿಟ್ಟಿಸುವುದು ಬಿಟ್ಟು ಕಿಟಕಿಯಾಚೆ ನೋಡಿದಾಗ ಉತ್ತರ ಹೊಳೆದ ಅನುಭವ ನನಗೆ ಎಷ್ಟೋ ಸಲ ಆಗಿದೆ.

ಕನ್ನಡದಲ್ಲಿ ಅರಾಕೇರಿಯಾ ಮಾಡಿದಂಥ ಅದಲು ಬದಲು ಸುಲಭವಲ್ಲ. ನಮ್ಮ ಒಂದೊಂದು ಚೌಕದಲ್ಲಿ ಕೂರುವುದು ಒತ್ತು, ಗುಣಿತ ಸಮೇತ ಇಡೀ ಅಕ್ಷರ. ‘ರನ್ನ’ ಎರಡೇ ಚೌಕ. ತಿರುಗಿಸೋಣ ಅಂದರೆ, ‘ನ್ನ’ದಿಂದ ಶುರುವಾಗುವ ಪದ ಎಲ್ಲಿದೆ? ಆದರೆ ಒಂದು ಮಾತಿಗೆ ಎರಡು ಅರ್ಥ ಹೊಂದಿಸುವುದು ನಮ್ಮ ಕವಿಗಳಿಗೂ ಒಗಟು ಹೇಳುವ ಅಜ್ಜಿಯರಿಗೂ ಗೊತ್ತಿದ್ದ ಕಲೆ. ಅದನ್ನು ನೆನೆದು ನಾನೂ ಒಂದು ಸುಳಿವು ಕಟ್ಟಿದೆ: ‘ಹಾರ ತಿರುಗಿದರೆ ಕಾವ್ಯದ ಜೀವಾಳ (2)’. ‘ಹಾರ’ವನ್ನೇ ತಿರುಗಿಸಲು ಹೋದರೆ ಏನೂ ಸಿಗದು. ಹಾರಕ್ಕೆ ಇನ್ನೊಂದು ಹೆಸರು ಸರ. ಈಗ ತಿರುಗಿಸಿ.