ಪಿಡಿಬಿ ಕಡತ ತೆರೆದಾಗ ಮೊದಲು ಏನು ನೋಡಬೇಕು?

ಹಿಮೋಗ್ಲೋಬಿನ್‌ಗೆ ನಾಲ್ಕು ಸರಪಳಿ ಅಂತ ಪಿಯುಸಿಯಲ್ಲೇ ಓದಿದ್ದೇವೆ, ಅಲ್ವಾ? ಎರಡು ಆಲ್ಫಾ, ಎರಡು ಬೀಟಾ. ಈಗ ಪ್ರೋಟೀನ್‌ಗಳ ಮೂರು ಆಯಾಮದ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್, ಅಂದರೆ ಪಿಡಿಬಿಯಲ್ಲಿ 1ಎಚ್‌ಎಚ್‌ಒ ಅಂತ ಹುಡುಕಿ. ಆಮ್ಲಜನಕ ಹಿಡಿದುಕೊಂಡ ಮನುಷ್ಯರ ಹಿಮೋಗ್ಲೋಬಿನ್ ಅದು. ಕಡತ ಇಳಿಸಿಕೊಂಡು, ಅಣುಗಳ ರಚನೆ ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ ತೆರೆದರೆ ಕಾಣುವುದು ಎರಡೇ ಸರಪಳಿ. ಮೊದಲ ಸಲ ನೋಡಿದಾಗ ಕಡತ ಪೂರ್ತಿ ಇಳಿದಿಲ್ಲ ಅಂದುಕೊಂಡು ಮತ್ತೆ ಇಳಿಸಿದ್ದೆ. ಆಗಲೂ ಎರಡೇ.

ಕಡತ ಸರಿಯಾಗಿಯೇ ಇದೆ. ಇಂಥ ರಚನೆ ಅಳೆಯಲು ಪ್ರೋಟೀನನ್ನು ಹರಳಾಗಿಸಿ ಅದರ ಮೇಲೆ ಎಕ್ಸ್-ರೇ ಬಿಡುತ್ತಾರೆ. ಆ ಹರಳಿನಲ್ಲಿ ಒಂದೇ ತುಂಡು ಮತ್ತೆ ಮತ್ತೆ ಬರುತ್ತದೆ, ಸೀರೆಯ ಅಂಚಿನಲ್ಲಿ ಒಂದೇ ಬುಟ್ಟಾ ಬಂದ ಹಾಗೆ. ಒಂದು ಬುಟ್ಟಾ ಬರೆದು, ಅದು ಹೇಗೆ ಮರುಕಳಿಸುತ್ತದೆ ಅಂತ ಹೇಳಿದರೆ ಇಡೀ ಅಂಚು ಗೊತ್ತಾಗುತ್ತದೆ. ಹಾಗೆಯೇ ಕಡತದಲ್ಲಿ ಬರೆಯುವುದು ಆ ಒಂದು ತುಂಡನ್ನು ಮಾತ್ರ. ಅದಕ್ಕೆ ಅಸಿಮೆಟ್ರಿಕ್ ಯೂನಿಟ್ ಅಂತ ಹೆಸರು. 1ಎಚ್‌ಎಚ್‌ಒದಲ್ಲಿ ಆ ತುಂಡು ಅರ್ಧ ಹಿಮೋಗ್ಲೋಬಿನ್. ಅದನ್ನು 180 ಡಿಗ್ರಿ ತಿರುಗಿಸಿದರೆ ಉಳಿದರ್ಧ ಸಿಗುತ್ತದೆ. ಆಮ್ಲಜನಕ ಬಿಟ್ಟ ರೂಪವಾದ 4ಎಚ್‌ಎಚ್‌ಬಿಯಲ್ಲಿ ನಾಲ್ಕೂ ಸರಪಳಿ ಇವೆ. ಆದ್ದರಿಂದ ಯಾವ ಕಡತ ಇಳಿಸಿದರೂ ‘ಬಯಾಲಜಿಕಲ್ ಅಸೆಂಬ್ಲಿ’ (ದೇಹದಲ್ಲಿ ಕೆಲಸ ಮಾಡುವ ಪೂರ್ತಿ ರೂಪ) ಎಂಬ ಆಯ್ಕೆಯನ್ನು ನೋಡಿ. ಹೇಗೆ ತಿರುಗಿಸಬೇಕು ಎಂಬ ಲೆಕ್ಕ ಕಡತದ ರಿಮಾರ್ಕ್ 350 ಸಾಲುಗಳಲ್ಲಿ ಇರುತ್ತದೆ.

ಇತಿಹಾಸ ಚಿಕ್ಕದಾಗಿ: ಪಿಡಿಬಿ ಶುರುವಾಗಿದ್ದು 1971ರಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಬರೀ 7 ರಚನೆಗಳಿಂದ. ಈಗ 2 ಲಕ್ಷಕ್ಕೂ ಜಾಸ್ತಿ ಇವೆ, ಎಲ್ಲವೂ ಉಚಿತ. ಅಮೆರಿಕ, ಯುರೋಪ್, ಜಪಾನ್ ತಾಣಗಳ ನೋಟ ಬೇರೆ, ದತ್ತಾಂಶ ಒಂದೇ.

ಈಗ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಇದನ್ನು ಒಮ್ಮೆಯಾದರೂ ಮಾಡಲೇಬೇಕು. ‘ಆಟಮ್’ ಅಂತ ಶುರುವಾಗುವ ಒಂದೊಂದು ಸಾಲೂ ಒಂದು ಪರಮಾಣು. ಅದರ ಹೆಸರು, ಯಾವ ಅಮೈನೋ ಆಮ್ಲ, ಯಾವ ಸರಪಳಿ, ಎಷ್ಟನೆಯದು, ಆಮೇಲೆ ಎಕ್ಸ್, ವೈ, ಝಡ್. ಪರಮಾಣುವಿನ ಜಾಗ ಹೇಳುವ ಈ ಮೂರು ಸಂಖ್ಯೆಗಳು ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ) ಲೆಕ್ಕದಲ್ಲಿವೆ. ಮುಂದೆ ಇನ್ನೆರಡು ಸಂಖ್ಯೆ. ಕೊನೆಯದು ಬಿ ಫ್ಯಾಕ್ಟರ್. ಅದು ಜಾಸ್ತಿ ಇದ್ದರೆ ಆ ಪರಮಾಣು ಅಲ್ಲಾಡುತ್ತಿದೆ, ಅಥವಾ ಅದರ ಜಾಗ ಅಷ್ಟು ಖಚಿತವಿಲ್ಲ ಅಂತ ಅರ್ಥ.

ಇದೇ ನನಗೆ ಮುಖ್ಯ ಅನಿಸುವ ಮಾತು. ತೆರೆಯ ಮೇಲೆ ಕಾಣುವ ಬಣ್ಣದ ಸುರುಳಿ ಫೋಟೋ ಅಲ್ಲ. ಅಳತೆಗೆ ಹೊಂದುವ ಹಾಗೆ ಯಾರೋ ಕಟ್ಟಿದ ಮಾದರಿ. ಅಳತೆ ಎಷ್ಟು ಸೂಕ್ಷ್ಮ ಅಂತ ರೆಸಲ್ಯೂಷನ್ ಹೇಳುತ್ತದೆ; ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. 4ಎಚ್‌ಎಚ್‌ಬಿಯದು 1.74 ಆಂಗ್‌ಸ್ಟ್ರಾಮ್. ಹರಳಿಲ್ಲದೆ, ಕಾಂತಕ್ಷೇತ್ರದಲ್ಲಿ ಅಳೆಯುವ ಎನ್‌ಎಂಆರ್ ವಿಧಾನದಿಂದ ಬಂದ ರಚನೆಗಳಿಗೆ ರೆಸಲ್ಯೂಷನ್ ಇರುವುದಿಲ್ಲ, ಸಾಮಾನ್ಯವಾಗಿ ಹತ್ತಾರು ಮಾದರಿಗಳು ಒಟ್ಟಿಗೆ ಇರುತ್ತವೆ. ಮಾದರಿ ಸರಿಯಾಗಿ ಕಟ್ಟಿದ್ದಾರಾ ಅಂತ ನೋಡಲು ಪರಿಶೀಲನಾ ವರದಿಯಲ್ಲಿ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಅಂತ ತೋರಿಸುವ ರಾಮಚಂದ್ರನ್ ನಕ್ಷೆಯ ಲೆಕ್ಕ ಇರುತ್ತದೆ. 1963ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಯೋಚನೆ ಅದು. ಅದೇ ಜಿ. ಎನ್. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇವತ್ತಿಗೂ ಹೊಸ ಪ್ರೋಟೀನ್ ರಚನೆಗಳನ್ನು ಆ ನಕ್ಷೆಯ ಮೇಲಿಟ್ಟು ನೋಡುತ್ತಾರೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ಡಿಎನ್ಎ, ಆರ್‌ಎನ್ಎ ರಚನೆಗಳೂ ಪಿಡಿಬಿಯಲ್ಲೇ ಇವೆ. ಬೇಸ್ ಜೋಡಿಗಳ ಕೋನ, ತಿರುವು ಹುಡುಕಲು ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯಿಕ್ ಆಸಿಡ್ ಡೇಟಾಬೇಸ್ ಕಟ್ಟಿದರು. ಕಲಿಯಲು 1ಬಿಎನ್ಎ ಸಾಕು. 1981ರಲ್ಲಿ ಪ್ರಕಟವಾದ, 12 ಬೇಸ್ ಜೋಡಿಗಳ ಡಿಎನ್ಎ. ಅದರಲ್ಲಿ ನೀರಿನ ಅಣುಗಳನ್ನು ಮರೆಮಾಡಬೇಡಿ. ನಡುವೆ ಎಎಟಿಟಿ ಇರುವ ಕಡೆ, ಕಿರಿದಾದ ತೋಡಿನೊಳಗೆ ನೀರು ಬೆನ್ನುಮೂಳೆಯ ಹಾಗೆ ಸಾಲಾಗಿ ಕೂತಿರುವುದು ಕಾಣುತ್ತದೆ.

ಕೊನೆಗೆ ಆಲ್ಫಾಫೋಲ್ಡ್, ಅಮೈನೋ ಆಮ್ಲಗಳ ಸಾಲು ನೋಡಿ ರಚನೆ ಊಹಿಸುವ ಕೃತಕ ಬುದ್ಧಿಮತ್ತೆ. 2021ರಲ್ಲಿ ಬಂದ ಅದರ ದತ್ತಸಂಚಯದಲ್ಲಿ 20 ಕೋಟಿಗೂ ಹೆಚ್ಚು ರಚನೆಗಳಿವೆ, ಆದರೆ ಎಲ್ಲವೂ ಊಹೆ ಮಾಡಿದವು. ಇಲ್ಲಿ ಎಡವುವ ಜಾಗ ಒಂದಿದೆ. ಬಿ ಫ್ಯಾಕ್ಟರ್ ಇರುತ್ತಿದ್ದ ಅದೇ ಕಾಲಂನಲ್ಲಿ ಆಲ್ಫಾಫೋಲ್ಡ್ ತನ್ನ ವಿಶ್ವಾಸದ ಅಂಕ ಬರೆಯುತ್ತದೆ, 0ಯಿಂದ 100ರವರೆಗೆ. ಅಲ್ಲಿ ಜಾಸ್ತಿ ಇದ್ದರೆ ಅನುಮಾನ, ಇಲ್ಲಿ ಜಾಸ್ತಿ ಇದ್ದರೆ ನಂಬಿಕೆ. ಬಣ್ಣ ಹಾಕುವಾಗ ಪೂರ್ತಿ ಉಲ್ಟಾ ಆಗುತ್ತದೆ.

ಆಲ್ಫಾಫೋಲ್ಡ್ ತಾಣದಲ್ಲಿ ಹಿಮೋಗ್ಲೋಬಿನ್ ಆಲ್ಫಾ ಸರಪಳಿಯನ್ನು ತೆರೆದು 4ಎಚ್‌ಎಚ್‌ಬಿಯ ಪಕ್ಕದಲ್ಲಿಡಿ. ಮಡಿಕೆ ಒಂದೇ, ಆದರೆ ಆಮ್ಲಜನಕ ಹಿಡಿಯುವ, ಕಬ್ಬಿಣವಿರುವ ಹೀಮ್ ಎಂಬ ಭಾಗ ಇರಬೇಕಾದ ಜಾಗ ಖಾಲಿ. 4ಎಚ್‌ಎಚ್‌ಬಿಯಲ್ಲಿ ಹೀಮ್‌ನ ಕಬ್ಬಿಣವನ್ನು ಹಿಡಿದಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸರಪಳಿಯಲ್ಲಿ 87ನೆಯದು. ಆಲ್ಫಾಫೋಲ್ಡ್‌ನಲ್ಲಿ ಅದೇ ಹಿಸ್ಟಿಡಿನ್ 88ನೆಯದು, ಯಾಕೆಂದರೆ ಶುರುವಿನ ಮೆಥಿಯೋನಿನ್ ಅಲ್ಲಿ ಲೆಕ್ಕಕ್ಕೆ ಸೇರಿದೆ.