ಹಳಿ ಕಿತ್ತರೆ ರೈಲು ಹೋಯಿತು ಎನ್ನುವವರಿಗೆ

ಜನ ನನ್ನ ಬಳಿಗೆ ಬಂದಾಗ ಮೊದಲು ತೋರಿಸುವುದು ಮೊಬೈಲ್‌ನಲ್ಲಿ ತೆಗೆದ ಫೋಟೊ. ತುಕ್ಕು ಹಿಡಿದ ಹಳಿಯ ತುಂಡು, ಜಾಲಿ ಬೆಳೆದ ಏರಿ, ಕಿತ್ತು ರಾಶಿ ಹಾಕಿದ ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡ ತೊಲೆ. "ನೋಡಿ ಸರ್, ಎಲ್ಲ ಕಿತ್ತುಹಾಕಿದ್ದಾರೆ, ಇನ್ನು ಇಲ್ಲಿ ರೈಲು ಬರುವುದಿಲ್ಲ" ಎನ್ನುತ್ತಾರೆ. ಆ ಜಾಗದ ಕಾಗದ ಈಗ ಯಾರ ಹೆಸರಿನಲ್ಲಿದೆ ಎಂದು ನಾನು ಕೇಳುತ್ತೇನೆ. ಅದಕ್ಕೆ ಉತ್ತರ ಸಿಗುವುದು ಅಪರೂಪ. ಇನ್ನಷ್ಟು ಫೋಟೊಗಳು ಮಾತ್ರ ಬರುತ್ತವೆ.

ರೈಲ್ವೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಹಳಿ ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದ ಮೇಲೆ ಕಲಬುರಗಿಯಲ್ಲಿ ಜಮೀನು, ಅಳತೆ, ಗಡಿಗೆ ಸಂಬಂಧಿಸಿದ ಸಲಹೆ ಕೊಡುತ್ತಾ ಬಂದಿದ್ದೇನೆ. ಮುಚ್ಚಿದ ರೈಲು ಮಾರ್ಗಗಳ ವಿಚಾರವಾಗಿ ಬರುವವರು ಮೂರು ಬಗೆ. ಅಲ್ಲಿ ನಡಿಗೆ ಪಥ, ಸೈಕಲ್ ಹಾದಿ ಬೇಕು ಎನ್ನುವ ನಗರದವರು. ಪಥ ಮಾಡಿದರೆ ರೈಲು ಶಾಶ್ವತವಾಗಿ ಹೋದಂತೆ ಎಂದು ಅದನ್ನು ವಿರೋಧಿಸುವ ರೈಲು ಹೋರಾಟಗಾರರು. ಹಳಿ ಹೋಯಿತಲ್ಲ, ನಮ್ಮ ಜಮೀನು ನಮಗೆ ಕೊಡಿ ಎನ್ನುವ ರೈತರು. ಮೂವರ ಆಸೆಯೂ ನ್ಯಾಯವಾದದ್ದೇ. ಆದರೆ ಮೂವರೂ ಹಳಿಯನ್ನೇ ರೈಲು ಮಾರ್ಗ ಎಂದುಕೊಂಡಿದ್ದಾರೆ. ಈ ತಪ್ಪು ತಿಳಿವಳಿಕೆಯನ್ನು ತಿದ್ದುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತದೆ.

ಒಂದು ರೈಲು ಮಾರ್ಗದಲ್ಲಿ ಹಳಿ ಬೇಗ ಸಿಗುವ, ಬೇಗ ಹಾಕಬಹುದಾದ ವಸ್ತು. ದುಡ್ಡು ಮಂಜೂರಾದರೆ ಉಕ್ಕು ಬರುತ್ತದೆ, ಸ್ಲೀಪರ್ ಬರುತ್ತದೆ, ಜಲ್ಲಿ ಬರುತ್ತದೆ. ಸುಲಭವಾಗಿ ಬಾರದಿರುವುದು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗದ, ಒಂದೇ ಒಡೆತನದ, ಹದವಾದ ಏರಿಳಿತದ ಜಮೀನಿನ ಪಟ್ಟಿ. ಬೀದರ್–ಕಲಬುರಗಿ ಮಾರ್ಗ ಸುಮಾರು 110 ಕಿಲೋಮೀಟರ್. 1990ರ ದಶಕದ ಕೊನೆಯಲ್ಲಿ ಮಂಜೂರಾದ ಅದು ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಹಳಿ ಜೋಡಿಸಲು ಯಾರಿಗೂ ಅಷ್ಟು ವರ್ಷ ಬೇಕಾಗುವುದಿಲ್ಲ. ಜಮೀನು, ಹಣ, ಸೇತುವೆ, ಮರಗುತ್ತಿ ಹತ್ತಿರದ ಸುರಂಗ, ಇವೆಲ್ಲ ಸೇರಿ ಆ ಕಾಲವನ್ನು ತಿಂದವು. ಹಾಗಾಗಿ ಎಲ್ಲೋ ಒಂದು ಹಳೆಯ ಪಟ್ಟಿ ಅಖಂಡವಾಗಿ ಉಳಿದಿದೆ ಎಂದು ಕೇಳಿದಾಗ ನನಗೆ ಸಂತೋಷವಾಗುತ್ತದೆ. ಅದರ ಮೇಲೆ ಹಳಿ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ನಮ್ಮ ದೇಶದಲ್ಲೇ ಹಳಿ ಕಿತ್ತ ಮೇಲೂ ರೈಲು ಮರಳಿದ ಮಾರ್ಗಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಉಕ್ಕು ಬೇಕೆಂದು ಹಲವು ಶಾಖಾ ಮಾರ್ಗಗಳ ಹಳಿ ಎಬ್ಬಿಸಿದರು. ಕೇರಳದ ಶೋರನೂರು–ನಿಲಂಬೂರು ಮಾರ್ಗದ ಹಳಿ 1941ರಲ್ಲಿ ಹೋಯಿತು, 1954ರಲ್ಲಿ ಮತ್ತೆ ಬಂತು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ನಗ್ರೋಟಾದಿಂದ ಜೋಗಿಂದರ್‌ನಗರದವರೆಗಿನ ಭಾಗ 1942ರಲ್ಲಿ ಮುಚ್ಚಿ 1954ರಲ್ಲಿ ತೆರೆಯಿತು. ಆ ನಡುವಿನ ವರ್ಷಗಳಲ್ಲಿ ಅಲ್ಲಿ ದನ ಓಡಾಡಿರಬಹುದು, ಜನ ನಡೆದಿರಬಹುದು. ಪಟ್ಟಿ ಮಾತ್ರ ಕೈಬಿಟ್ಟಿರಲಿಲ್ಲ. ಇದಕ್ಕೆ ವಿರುದ್ಧವಾದದ್ದು ಮುನ್ನಾರಿನ ಕುಂದಳ ಕಣಿವೆಯ ಪುಟ್ಟ ರೈಲು. 1924ರ ಪ್ರವಾಹದಲ್ಲಿ ಕೊಚ್ಚಿಹೋದದ್ದನ್ನು ಮತ್ತೆ ಕಟ್ಟಲಿಲ್ಲ, ಅದರ ಹಾದಿಯ ಭಾಗಗಳು ರಸ್ತೆಯಲ್ಲಿ ಸೇರಿಹೋದವು.

ಕರ್ನಾಟಕದವರಿಗೆ ಇನ್ನೂ ಹತ್ತಿರದ ನಿದರ್ಶನ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಟ್ಟದ ಮಾರ್ಗ. ಮೀಟರ್ ಗೇಜ್‌ನ ಕಿರಿದಾದ ಹಳಿಯನ್ನು ಅಗಲವಾದ ಬ್ರಾಡ್ ಗೇಜ್‌ಗೆ ಬದಲಿಸಲು 1996ರಲ್ಲಿ ಅಲ್ಲಿ ರೈಲು ನಿಂತಿತು. ಮುಂದಿನ ವರ್ಷಗಳಲ್ಲಿ ಆ 55 ಕಿಲೋಮೀಟರ್, ಅದರ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು ಚಾರಣಿಗರ ಸ್ವರ್ಗವಾದವು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಸ್ ತುಂಬಿ ಬರುತ್ತಿದ್ದರು. ಆದರೂ 2006ರಲ್ಲಿ ಗೂಡ್ಸ್ ರೈಲು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಬಂತು. ಜನ ನಡೆದರು ಎಂಬ ಕಾರಣಕ್ಕೆ ರೈಲು ತಪ್ಪಲಿಲ್ಲ. ರೈಲ್ವೆ ಒಂದು ಗೇಣು ಜಾಗವನ್ನೂ ಬಿಟ್ಟುಕೊಟ್ಟಿರಲಿಲ್ಲ, ಮರಳುವ ಉದ್ದೇಶ ಮೊದಲ ದಿನದಿಂದ ಕಡತದಲ್ಲಿತ್ತು, ಕೆಲಸ ಮುಗಿಸಲು ಹಾಸನ–ಮಂಗಳೂರು ಮಾರ್ಗಕ್ಕೆಂದೇ ಒಂದು ಕಂಪನಿ ರಚನೆಯಾಯಿತು. ಹೋರಾಟದ ಗೆಳೆಯರು ಇದನ್ನು ದಯವಿಟ್ಟು ನೆನಪಿಡಬೇಕು. ನಡಿಗೆ ನಿಮ್ಮ ಶತ್ರುವಲ್ಲ.

ಶತ್ರು ಯಾವುದು ಎಂಬುದಕ್ಕೆ ಸ್ಕಾಟ್ಲೆಂಡ್ ನೋಡಬೇಕು. ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ವೇವರ್ಲಿ ಮಾರ್ಗವನ್ನು 1969ರಲ್ಲಿ ಮುಚ್ಚಿದರು. ಅದರ ಸುಮಾರು 48 ಕಿಲೋಮೀಟರ್ ಭಾಗವನ್ನು 2015ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯುವ ಹೊತ್ತಿಗೆ ಸುಮಾರು 30 ಕೋಟಿ ಪೌಂಡ್ ಬೇಕಾಯಿತು, ಅದಕ್ಕೆಂದೇ 2006ರಲ್ಲಿ ಒಂದು ಕಾಯ್ದೆಯೂ ಬೇಕಾಯಿತು. ನಡುವಿನ ದಶಕಗಳಲ್ಲಿ ಎಡಿನ್‌ಬರೋ ನಗರದ ಬೈಪಾಸ್ ರಸ್ತೆ ಆ ಹಳೆಯ ಹಾದಿಗೆ ಅಡ್ಡ ಬಂದಿತ್ತು. ರೈಲನ್ನು ಅದರ ಕೆಳಗೆ ಹೊಸದಾಗಿ ದಾಟಿಸಬೇಕಾಯಿತು. ಮತ್ತೆ ತೆರೆದ ಭಾಗದಿಂದ ಮುಂದೆ ಕಾರ್ಲೈಲ್‌ವರೆಗಿನ ಹಾದಿ ಇಂದಿಗೂ ಮುಚ್ಚಿಯೇ ಇದೆ. ಕೆರೆಯ ಏರಿ ಉಳಿದ ಕಡೆಯೆಲ್ಲ ಗಟ್ಟಿಯಾಗಿದ್ದು ಒಂದೇ ಕಡೆ ಒಡೆದರೂ ನೀರು ನಿಲ್ಲುವುದಿಲ್ಲವಲ್ಲ, ರೈಲಿನ ಪಟ್ಟಿಯೂ ಹಾಗೆಯೇ. ನಲವತ್ತು ಕಿಲೋಮೀಟರ್ ಚೆನ್ನಾಗಿದ್ದು ನಡುವೆ ನಾಲ್ಕು ನಿವೇಶನ ಮಾರಿದ್ದರೆ ಆ ನಾಲ್ಕು ನಿವೇಶನವೇ ನಿಮ್ಮ ಯೋಜನೆಯ ಬೆಲೆಯನ್ನು ನಿರ್ಧರಿಸುತ್ತದೆ.

ಅಮೆರಿಕದವರು ಇದಕ್ಕೆ ಕಾನೂನಿನಲ್ಲೇ ದಾರಿ ಮಾಡಿಕೊಂಡರು. 1916ರಲ್ಲಿ ಅಲ್ಲಿನ ರೈಲು ಜಾಲ ಸುಮಾರು 2.54 ಲಕ್ಷ ಮೈಲಿಗಳಷ್ಟಿತ್ತು, ಆಮೇಲೆ ಕುಗ್ಗುತ್ತಾ ಬಂತು. 1983ರಲ್ಲಿ ರಾಷ್ಟ್ರೀಯ ಪಥಗಳ ಕಾಯ್ದೆಗೆ ತಿದ್ದುಪಡಿ ತಂದು, ರೈಲು ಕಂಪನಿ ಬಿಡುವ ಪಟ್ಟಿಯನ್ನು ನಡಿಗೆ ಪಥವಾಗಿ ಒಪ್ಪಿಸಿದರೆ ಅದನ್ನು ಕೈಬಿಟ್ಟಂತೆ ಎಣಿಸಬಾರದು, ಮುಂದೆ ರೈಲು ಸೇವೆಗೆ ಮರಳಿಸಬಹುದು ಎಂದು ಬರೆದರು. ಪಥ ನಡೆಸುವವರು ನಿರ್ವಹಣೆ, ತೆರಿಗೆ, ಅಪಘಾತದ ಹೊಣೆ ಎಲ್ಲವನ್ನೂ ಹೊರಬೇಕು. ಜಮೀನುದಾರರು ಪ್ರಶ್ನಿಸಿದಾಗ 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಪರಿಹಾರ ಕೇಳುವ ಅವರ ದಾರಿಯನ್ನೂ ತೆರೆದಿಟ್ಟಿತು. ಈ ವ್ಯವಸ್ಥೆಯಡಿ ನಿಜವಾಗಿ ರೈಲು ಮರಳಿದ ಪಥಗಳು ಬೆರಳೆಣಿಕೆಯಷ್ಟು. ಕಾನೂನು ಬಿಟ್ಟರೂ ಜನ ಬಿಡುವುದಿಲ್ಲ. ಇಪ್ಪತ್ತು ವರ್ಷ ಮಕ್ಕಳು ಸೈಕಲ್ ಕಲಿತ ಹಾದಿಯಲ್ಲಿ ಗೂಡ್ಸ್ ರೈಲು ಬರುತ್ತದೆ ಎಂದರೆ ಯಾವ ಊರು ಸುಮ್ಮನಿರುತ್ತದೆ? ಆ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೇ ಮೊದಲ ದಿನವೇ ಫಲಕದಲ್ಲಿ ಬರೆಯಿಸಿ ಎನ್ನುತ್ತೇನೆ: ಈ ಜಾಗ ರೈಲ್ವೆಯದು, ಬೇಕಾದಾಗ ಹಿಂದಕ್ಕೆ ಪಡೆಯಲಾಗುವುದು.

ನಮ್ಮಲ್ಲಿ ಅಂಥ ಪ್ರತ್ಯೇಕ ವಿಧಿ ಇಲ್ಲ. ಇರುವುದು ಒಪ್ಪಂದದ ಕಾಗದ. ನಾನು ಹೇಳಿ ಹೇಳಿ ದಣಿದಿರುವುದು ಇದನ್ನೇ. ರೈಲ್ವೆ ಜಾಗವನ್ನು ಬಳಸಲು ಪರವಾನಗಿ ಪಡೆಯುವುದು ಒಂದು, ಆ ಜಾಗವನ್ನೇ ರಾಜ್ಯ ಸರ್ಕಾರಕ್ಕೋ ನಗರ ಪಾಲಿಕೆಗೋ ಹಸ್ತಾಂತರಿಸಿಕೊಳ್ಳುವುದು ಇನ್ನೊಂದು. ಪರವಾನಗಿಯಲ್ಲಿ ಒಡೆತನ ರೈಲ್ವೆಯದೇ. ನಿಮಗೆ ನಡೆಯುವ ಅವಕಾಶವಿದೆ, ನೋಟಿಸ್ ಬಂದರೆ ಖಾಲಿ ಮಾಡುವ ಹೊಣೆಯೂ ಇದೆ. ಹಸ್ತಾಂತರವಾದರೆ ಅದು ಪಾಲಿಕೆಯ ಆಸ್ತಿ. ನಾಳೆ ಹೊಸ ಸದಸ್ಯರು ಬಂದು ಅಲ್ಲಿ ಮಳಿಗೆ ಕಟ್ಟಬಹುದು, ಸಮುದಾಯ ಭವನ ಕಟ್ಟಬಹುದು, ಅಡ್ಡಲಾಗಿ ರಸ್ತೆ ಹಾಯಿಸಬಹುದು. ಕಣ್ಣಿಗೆ ಎರಡೂ ಒಂದೇ ಬಗೆಯ ಪಥ, ಒಂದೇ ಬಗೆಯ ಬೆಂಚು, ಒಂದೇ ಬಗೆಯ ದೀಪ. ಐವತ್ತು ವರ್ಷಗಳ ನಂತರ ಒಂದರ ಮೇಲೆ ರೈಲು ಬರಬಹುದು, ಇನ್ನೊಂದರ ಮೇಲೆ ಬರುವುದು ಬಹಳ ಕಷ್ಟ. "ಶಾಶ್ವತವಾಗಿ ನಮಗೇ ಸಿಗಲಿ" ಎಂದು ಪಥದ ಸಮಿತಿಗಳು ಹಟ ಹಿಡಿಯುತ್ತವೆ. ರೈಲೂ ಬೇಕು ಎನ್ನುವವರು ಆ ಹಟ ಬಿಡಬೇಕು. ಪರವಾನಗಿಯನ್ನೂ ಪಡೆಯದೆ ರೈಲ್ವೆ ಜಾಗದಲ್ಲಿ ಓಡಾಡುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ ಎಂಬುದನ್ನೂ ಹೇಳಿಬಿಡುತ್ತೇನೆ.

ರೈತರ ವಿಷಯಕ್ಕೆ ಬರುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಚಿತ್ತಾಪುರ ತಾಲ್ಲೂಕಿನ ಹಿರಿಯರೊಬ್ಬರು ಮೊಮ್ಮಗನ ಕೈ ಹಿಡಿದು ಬಂದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಉರ್ದುವಿನ ಹಳೆಯ ಜಮೀನು ದಾಖಲೆಯಾದ ಸೇತ್ವಾರ್ ನಕಲು, 1954–55ರ ಖಾಸರಾ ಪಹಣಿ. "ಸಾಹೇಬರೇ, ನಮ್ಮ ತಂದೆಯವರ ಕಾಲದಲ್ಲಿ ಹೋದ ಹೊಲ. ರೈಲೇ ಇಲ್ಲವೆಂದ ಮೇಲೆ ನಮಗೆ ಬರಬೇಕಲ್ಲವೇ?" ಎಂದರು. "ಕಾಕಾ, ಸರ್ಕಾರ ಭೂಸ್ವಾಧೀನ ಮಾಡಿ ಪರಿಹಾರ ಕೊಟ್ಟಿದ್ದರೆ ಅದು ಪೂರ್ತಿಯಾಗಿ ಸರ್ಕಾರದ್ದು. ಉದ್ದೇಶ ಮುಗಿಯಿತೆಂದು ಹಿಂದಿರುಗುವುದಿಲ್ಲ, ನ್ಯಾಯಾಲಯಗಳು ಮತ್ತೆ ಮತ್ತೆ ಹಾಗೆಯೇ ಹೇಳಿವೆ" ಎಂದೆ. ಅವರ ಮುಖ ಸಣ್ಣದಾಯಿತು. ಆದರೆ ಅವರ ಕಾಗದಗಳನ್ನು ಬಿಡಿಸಿ ನೋಡಿದಾಗ ಆ ಹೊಲದ ಮೇಲೆ ಹೋದದ್ದು ರೈಲ್ವೆಯ ಮುಖ್ಯ ಮಾರ್ಗವಾಗಿರಲಿಲ್ಲ, ಈಗ ಮುಚ್ಚಿಹೋಗಿರುವ ಕಾರ್ಖಾನೆಯೊಂದರ ಸೈಡಿಂಗ್, ಅಂದರೆ ಮುಖ್ಯ ಮಾರ್ಗದಿಂದ ಕಾರ್ಖಾನೆಗೆ ಹೋಗುವ ಕವಲು ಹಳಿ. ನಮ್ಮ ಭಾಗದಲ್ಲಿ ಕಲ್ಲು, ಸಿಮೆಂಟ್ ಕೆಲಸಕ್ಕೆಂದು ಇಂಥ ಸೈಡಿಂಗ್‌ಗಳು ಬಹಳ. ರೈಲ್ವೆಯ ಗಡಿಕಲ್ಲು ದಾಟಿದ ಮೇಲಿನ ಜಾಗ ಕಾರ್ಖಾನೆಯದಾಗಿರಬಹುದು, ಕ್ರಯಕ್ಕೆ ಕೊಂಡಿರಬಹುದು, ಗುತ್ತಿಗೆಗೆ ಪಡೆದಿರಬಹುದು. ಗುತ್ತಿಗೆಯಾದರೆ ಹಿರಿಯರ ಮಾತಿಗೆ ಬಲ ಬರುತ್ತದೆ. ಅದಕ್ಕೇ ಮೂಲ ದಾಖಲೆ ನೋಡದೆ ಯಾರಿಗೂ ಹೌದು, ಅಲ್ಲ ಎನ್ನುವುದಿಲ್ಲ. ಅವರನ್ನು ವಕೀಲರ ಬಳಿಗೆ ಕಳುಹಿಸಿದೆ.

ಇಂಥ ಭೇದವೇ ಅಮೆರಿಕದಲ್ಲೂ 2014ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 1875ರ ಕಾಯ್ದೆಯಡಿ ರೈಲು ಕಂಪನಿಗೆ ಸಿಕ್ಕಿದ್ದು ದಾರಿಯ ಹಕ್ಕು ಮಾತ್ರ, ಕೈಬಿಟ್ಟಾಗ ಅದು ಅಳಿಯಿತು ಎಂದು ಎಂಟು ನ್ಯಾಯಮೂರ್ತಿಗಳು ಜಮೀನುದಾರರ ಪರ ನಿಂತರು. ಹಕ್ಕು ಹುಟ್ಟಿದ ಬಗೆ ಯಾವುದೋ ಅದು ಸಾಯುವ ಬಗೆಯೂ ಅದೇ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಸ್ವಾಧೀನವಾದ ಮೇಲೂ ಪಹಣಿಯಲ್ಲಿ ಹಳೆಯ ರೈತನ ಹೆಸರೇ ಮುಂದುವರಿದಿರುತ್ತದೆ, ಅದನ್ನು ನಂಬಿ ಯಾರೋ ಮುಗ್ಧರು ಗುಂಟೆ ಲೆಕ್ಕದಲ್ಲಿ ಕೊಂಡಿರುತ್ತಾರೆ. ಪಹಣಿ ಒಂದನ್ನೇ ನೋಡಿ ರೈಲ್ವೆ ಪಕ್ಕದ ಜಮೀನು ಕೊಳ್ಳಬೇಡಿ. ರೈಲ್ವೆಯ ಲ್ಯಾಂಡ್ ಪ್ಲಾನ್ ಜೊತೆ ಹೋಲಿಸಿ ಅಳತೆ ಮಾಡಿಸಿ.

ಜಾಗ ಉಳಿದರೂ ಎಲ್ಲ ಹಳೆಯ ಹಾದಿಯೂ ಇಂದಿನ ರೈಲನ್ನು ಹೊರಲಾರದು. ಮೀಟರ್ ಗೇಜ್‌ನಲ್ಲಿ 16 ಡಿಗ್ರಿಯ ತಿರುವಿಗೂ ಅವಕಾಶವಿತ್ತು. ಬ್ರಾಡ್ ಗೇಜ್‌ಗೆ ಮಿತಿ 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಏರಿಯ ನೆತ್ತಿ ಈಗ ಸುಮಾರು 7.85 ಮೀಟರ್ ಅಗಲ ಬೇಕು, ಹಳೆಯ ಏರಿಗಳು ಅದಕ್ಕಿಂತ ಕಿರಿದು. ಹಳೆಯ ಸೇತುವೆಗಳ ತಾಳಿಕೆಯನ್ನು ಹೊಸದಾಗಿ ಪರೀಕ್ಷಿಸಬೇಕು, ಕೊನೆಯಲ್ಲಿ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಿ ಒಪ್ಪಬೇಕು. ನಮ್ಮ ಎರೆಮಣ್ಣಿನ ನೆಲದಲ್ಲಿ ಇನ್ನೂ ಒಂದು ಮಾತು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ದಶಕಗಳ ಕಾಲ ರೈಲಿನ ಭಾರಕ್ಕೆ ಕುಳಿತು ಗಟ್ಟಿಯಾದ ಏರಿ ದೊಡ್ಡ ಆಸ್ತಿ. ಮೋರಿ ಕಟ್ಟಿಕೊಂಡು ನೀರು ನಿಂತರೆ ಕೆಲವೇ ಮಳೆಗಾಲದಲ್ಲಿ ಅದು ಹಾಳಾಗುತ್ತದೆ. ನಮ್ಮ ಗ್ಯಾಂಗ್‌ನಲ್ಲಿ ಒಬ್ಬ ಕೀಮ್ಯಾನ್, ಅಂದರೆ ದಿನವೂ ಹಳಿಯ ಮೇಲೆ ನಡೆದು ತಪಾಸಣೆ ಮಾಡುವವರು, ಇದ್ದರು. ಓದು ಹೆಚ್ಚಿರಲಿಲ್ಲ, ತಮ್ಮ ಬೀಟ್‌ನ ಪ್ರತಿ ಮೋರಿಯ ನಂಬರ್ ಬಾಯಲ್ಲಿತ್ತು. ಮುಂಗಾರು ಬರುವ ಮೊದಲು ತಾವೇ ಕೆಳಗಿಳಿದು ಹೂಳು ನೋಡಿ ಬರುತ್ತಿದ್ದರು, ಯಾರೂ ಹೇಳಬೇಕಾಗಿರಲಿಲ್ಲ. ಪಥಗಳ ಸಮಿತಿಯಲ್ಲಿ ಅಂಥವರೊಬ್ಬರು ಇರಬೇಕು. ದೀಪ, ಬೆಂಚುಗಳಿಗೆ ದಾನಿಗಳು ಸಿಗುತ್ತಾರೆ, ಮೋರಿಗೆ ಸಿಗುವುದಿಲ್ಲ.

ರೈಲು ಮತ್ತು ಪಥ ಎರಡೂ ಒಟ್ಟಿಗೆ ಇರಲಾರವೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ಪಥವನ್ನು ತೋರಿಸುತ್ತೇನೆ. 1966ರಲ್ಲಿ ಪ್ರಯಾಣಿಕರ ರೈಲು ನಿಂತ ಮಾರ್ಗದ ಮೇಲೆ ಬಂದ ಆ ಹಾದಿಯಲ್ಲಿ ಬಿಟ್ಟನ್ ಎಂಬಲ್ಲಿ ಪಥದ ಪಕ್ಕದಲ್ಲೇ ಹವ್ಯಾಸಿಗಳು ನಡೆಸುವ ಉಗಿಬಂಡಿ ಓಡುತ್ತದೆ. ಬೇಲಿ ಹಾಕಿ, ಅಂತರ ಬಿಟ್ಟರೆ ಸಾಧ್ಯ. ಅದಕ್ಕೆ ಅಗಲ ಬೇಕು. ಆದ್ದರಿಂದ ಪಥವನ್ನು ಏರಿಯ ನಡುಮಧ್ಯಕ್ಕೆ ಹಾಕದೆ, ಜಾಗವಿರುವ ಕಡೆ ಒಂದು ಬದಿಗೆ ಹಾಕಿ.

ಈಚೆಗೆ ನಗರದ ವಾಯುವಿಹಾರಿಗಳ ಗುಂಪೊಂದು ಸುಂದರವಾದ ನಕ್ಷೆ ತಂದಿತ್ತು. ಬಯಲು ವೇದಿಕೆ, ಶೌಚಾಲಯ, ಚಹಾದ ಅಂಗಡಿ, ಮೂರೂ ಏರಿಯ ಮೇಲೆಯೇ, ಕಾಂಕ್ರೀಟಿನಲ್ಲಿ. ಆ ಉತ್ಸಾಹಿ ಹೆಣ್ಣುಮಕ್ಕಳ ಮುಂದೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆ. ಬೇಸರಪಡದೆ ಕುಳಿತು ಕೇಳಿದರು, ಮರುವಾರ ನಕ್ಷೆ ತಿದ್ದಿ ತಂದರು. ವೇದಿಕೆಯನ್ನು ಕೈಬಿಟ್ಟಿದ್ದಾರೆ. ಶೌಚಾಲಯ, ಅಂಗಡಿಗಳನ್ನು ಹಳೆಯ ಗೂಡ್ಸ್ ಅಂಗಳದ ಮೂಲೆಗೆ ಸರಿಸಿದ್ದಾರೆ. ಹಸ್ತಾಂತರದ ಕೋರಿಕೆಯನ್ನು ಹೊಡೆದುಹಾಕಿ ಪರವಾನಗಿಯ ಅರ್ಜಿ ಬರೆದಿದ್ದಾರೆ. ಕಾಯಂ ಕಟ್ಟಡ ಇಲ್ಲ, ಅಡ್ಡರಸ್ತೆಗೆ ಒಪ್ಪಿಗೆ ಇಲ್ಲ, ಗಡಿಕಲ್ಲು ಕದಲಿಸುವುದಿಲ್ಲ, ಕೇಳಿದಾಗ ಸ್ವಂತ ಖರ್ಚಿನಲ್ಲಿ ತೆರವು ಮಾಡುತ್ತೇವೆ ಎಂಬ ನಾಲ್ಕು ಷರತ್ತುಗಳನ್ನು ತಾವಾಗಿಯೇ ಸೇರಿಸಿದ್ದಾರೆ. ಅರ್ಜಿಯನ್ನು ಸರಿಯಾದ ವಿಭಾಗಕ್ಕೆ ಕೊಡಬೇಕು. ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗದ್ದು, ಬೀದರ್ ಸಿಕಂದರಾಬಾದಿನದು, ತಪ್ಪು ಕಚೇರಿಗೆ ಹೋದ ಕಾಗದ ಅಲ್ಲೇ ಉಳಿಯುತ್ತದೆ. ಮಳೆಗಾಲಕ್ಕೆ ಮೊದಲು ಮೋರಿಗಳ ಹೂಳು ತೆಗೆಯಲು ಅನುಮತಿ ಕೇಳಿ ಪ್ರತ್ಯೇಕ ಪತ್ರವನ್ನೂ ಅದರ ಜೊತೆಗಿಟ್ಟಿದ್ದೇವೆ.