ರಾತ್ರಿ ಎರಡು ಗಂಟೆಗೆ ಡಾಕ್ಟರನ್ನು ಎಬ್ಬಿಸಲೋ ಬೇಡವೋ?

ಪ್ರಶ್ನೆ: ಅಕ್ಕಾ, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಸರ್ಜಿಕಲ್ ವಾರ್ಡಿಗೆ ಸೇರಿ ಮೂರು ತಿಂಗಳಾಯಿತು. ನೈಟ್ ಡ್ಯೂಟಿಯಲ್ಲಿ ಯಾರೋ ಒಬ್ಬ ರೋಗಿ ಸರಿಯಿಲ್ಲ ಅನ್ನಿಸುತ್ತೆ, ಆದರೆ ಡಾಕ್ಟರಿಗೆ ಫೋನ್ ಮಾಡೋಕೆ ಧೈರ್ಯ ಸಾಲಲ್ಲ. ಈ ಅಂದಾಜು ಕೈಗೆ ಹತ್ತೋದು ಯಾವಾಗ?

ಉತ್ತರ: ಸರ್ವಿಸ್ ಆದಂತೆ ತಾನಾಗಿ ಬರುತ್ತೆ ಅಂತಾರೆ. ನಾನು ಒಪ್ಪಲ್ಲ. ಹದಿನೈದು ವರ್ಷ ಸರ್ವಿಸ್ ಆದವರು ತುಂಬಿದ ಚಾರ್ಟಿನಲ್ಲೂ ಇಡೀ ವಾರ್ಡಿನ ಉಸಿರಾಟ ನಿಮಿಷಕ್ಕೆ 20 ಅಂತಲೇ ಇರೋದನ್ನು ಕಂಡಿದ್ದೇನೆ. ಮೂವತ್ತು ರೋಗಿಗಳಿಗೂ 20! ಎಣಿಸದೆ ಬರೆದರೆ ಹೀಗೇ.

ಮೊದಲು ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಾಡಿ ನೋಡಿ ಮುಗಿದರೂ ಮಣಿಕಟ್ಟಿನ ಮೇಲಿನ ಕೈ ತೆಗೀಬೇಡಿ, ಕಣ್ಣು ಮಾತ್ರ ಎದೆಯ ಮೇಲಿರಲಿ. ಉಸಿರು ಎಣಿಸ್ತಿದ್ದೀರಿ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತೆ.

ಒಂದು ಲೆಕ್ಕ ನೋಡಿ. ಹೊಟ್ಟೆ ಆಪರೇಷನ್ ಆಗಿ ಎರಡನೇ ರಾತ್ರಿ. ಉಸಿರಾಟ 24, ನಾಡಿ 104, ಮೇಲಿನ ಬಿಪಿ 108, ಜ್ವರ 101, ಆಕ್ಸಿಜನ್ ಹಾಕದೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 95. ರೋಗಿ ಎಚ್ಚರವಾಗಿದ್ದಾರೆ, ಮಾತಾಡ್ತಾರೆ. ಒಂದೊಂದನ್ನೇ ನೋಡಿದರೆ ಗಾಬರಿಯಾಗುವಂಥದ್ದೇನಿಲ್ಲ. ಆದರೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್’ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂಕಪಟ್ಟಿಯಲ್ಲಿ, ಅಂದರೆ ಅಂಕ ಏರಿದಷ್ಟೂ ರೋಗಿಗೆ ಅಪಾಯ ಹೆಚ್ಚು ಅನ್ನೋ ಪಟ್ಟಿಯಲ್ಲಿ, ಉಸಿರಾಟಕ್ಕೆ 2, ಉಳಿದ ನಾಲ್ಕಕ್ಕೆ ಒಂದೊಂದು. ಒಟ್ಟು 6. 5 ಮುಟ್ಟಿದರೆ ಡಾಕ್ಟರು ಬೇಗ ಬಂದು ನೋಡಬೇಕು, 7 ಆದರೆ ತುರ್ತು. ನಿಮ್ಮ ಆಸ್ಪತ್ರೆಯಲ್ಲಿ ಈ ಪಟ್ಟಿ ಇಲ್ಲದಿದ್ದರೂ ಸಂಜೆಯ ರೀಡಿಂಗ್ ಪಕ್ಕದಲ್ಲಿಟ್ಟು ನೋಡಿ, ಯಾವ ಕಡೆಗೆ ಹೊರಟಿದೆ ಅಂತ ಕಾಣುತ್ತೆ.

ಅಂಕ ಕಡಿಮೆಯಿದ್ದೂ ರೋಗಿಯ ಹೆಂಡತಿ “ಇವರು ಹೀಗೆ ಒದ್ದಾಡೋರಲ್ಲ ಸಿಸ್ಟರ್” ಅಂದರೆ? ಮತ್ತೆ ಹೋಗಿ ನೋಡಿ. ಆ ಮಾತನ್ನು ನಾನು ಎಂದೂ ತಳ್ಳಿಹಾಕಲ್ಲ.

ಫೋನಿನಲ್ಲಿ “ಸರ್, ಪೇಷಂಟ್ ಯಾಕೋ ಒಂಥರಾ ಇದ್ದಾರೆ” ಅಂದರೆ “ಬೆಳಿಗ್ಗೆ ನೋಡೋಣ” ಅಂತಲೇ ಉತ್ತರ ಬರೋದು. “14ನೇ ಬೆಡ್ ಸರ್, ಆಪರೇಷನ್ ಆಗಿ ಎರಡನೇ ದಿನ. ಉಸಿರಾಟ ಸಂಜೆ 16 ಇತ್ತು, ಈಗ 24. ಜ್ವರ 101. ಸೋಂಕು ಇರಬಹುದಾ ಅಂತ ಅನುಮಾನ. ಈಗಲೇ ಬಂದು ನೋಡಬೇಕು” ಅನ್ನಿ.

ಇನ್‌ಚಾರ್ಜ್ ಸಿಸ್ಟರ್‌ಗಳಿಗೂ ಒಂದು ಮಾತು: ಹೊಸ ಹುಡುಗಿ ಓಡಿ ಬಂದು ಕೇಳಿದಾಗ ಥಟ್ಟನೆ ಉತ್ತರ ಕೊಡಬೇಡಿ. “ನಿನಗೇನು ಅನ್ನಿಸ್ತು? ಯಾಕೆ?” ಅಂತ ಕೇಳಿ, ಅವಳು ಹೇಳಿದ ಮೇಲೆ ಜೊತೆಗೆ ಬೆಡ್ ಹತ್ತಿರ ಹೋಗಿ. ರೋಗಿ ಕುಸೀತಿದ್ದರೆ ಮಾತ್ರ ಪಾಠ ಆಮೇಲೆ.

ಡಾಕ್ಟರು ಬೈದರೆ? ಒಮ್ಮೊಮ್ಮೆ ಬೈತಾರೆ. ಫೋನ್ ಮಾಡಿದ ಹೊತ್ತು, ಅವರು ಹೇಳಿದ್ದು, ಎರಡನ್ನೂ ನರ್ಸಸ್ ನೋಟ್ಸಿನಲ್ಲಿ ಬರೆದು, ಅರ್ಧ ಗಂಟೆಗೆ ಮತ್ತೆ ಉಸಿರು ಎಣಿಸಿ. ಏರಿದ್ದರೆ ಮತ್ತೆ ಫೋನ್ ಮಾಡಿ.